ಏರ್‌ಬ್ರಷ್ ಬಣ್ಣದಲ್ಲಿ ಧೂಳು, ಎಳೆ, ತರಿ: ಕಾರಣ ಹುಡುಕಿ ಸರಿಪಡಿಸುವ ಕ್ರಮ

ಕಿಟ್‌ನಿಂದ ಜೋಡಿಸಿದ ವಿಮಾನ, ಕಾರಿನ ಪುಟ್ಟ ಮಾಡೆಲ್‌ಗೆ ಏರ್‌ಬ್ರಷ್‌ನಿಂದ, ಅಂದರೆ ಗಾಳಿಯ ಒತ್ತಡದಲ್ಲಿ ಬಣ್ಣ ಸಿಂಪಡಿಸುವ ಪೆನ್ನಿನಂಥ ಸಾಧನದಿಂದ, ಹೊಳಪಿನ ಕಪ್ಪು ಬಣ್ಣ ಹೊಡೆದು ಹತ್ತು ನಿಮಿಷ ಬಿಟ್ಟು ಟಾರ್ಚ್ ಹಿಡಿದರೆ ಅದರ ಮೈತುಂಬ ಚುಕ್ಕೆ, ಅಲ್ಲಲ್ಲಿ ಎಳೆ. ಹೊಡೆಯುವ ಮುಂಚೆ ಒಣಬಟ್ಟೆಯಲ್ಲಿ ಚೆನ್ನಾಗಿ ಒರೆಸಿದ್ದರೂ ಹೀಗಾಗುತ್ತದೆ. ಬಹಳಷ್ಟು ಸಲ ಆ ಒರೆಸಿದ್ದರಿಂದಲೇ ಹೀಗಾಗುತ್ತದೆ. ಕಿಟ್‌ಗಳ ಪ್ಲಾಸ್ಟಿಕ್ ಪಾಲಿಸ್ಟೈರೀನ್. ಅದನ್ನು ಒಣಗಿದ್ದಾಗ ಉಜ್ಜಿದರೆ ಸ್ಟ್ಯಾಟಿಕ್ (ಮೈಮೇಲೆ ನಿಂತುಬಿಡುವ ವಿದ್ಯುತ್ ಆವೇಶ) ಏರುತ್ತದೆ, ಏರಿದ್ದು ಸುಲಭಕ್ಕೆ ಇಳಿಯುವುದಿಲ್ಲ, ಸುತ್ತಲಿನ ಧೂಳನ್ನೆಲ್ಲ ಎಳೆದುಕೊಳ್ಳುತ್ತದೆ.

ಏರ್‌ಬ್ರಷ್‌ನ ಒಂದು ಕೋಟು ಒಣಗಿದ ಮೇಲೆ ಸಾಮಾನ್ಯವಾಗಿ 10ರಿಂದ 20 ಮೈಕ್ರಾನ್ ದಪ್ಪ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ). ತಲೆಕೂದಲಿನ ದಪ್ಪವೇ ಸುಮಾರು 70 ಮೈಕ್ರಾನ್. ಬರಿಗಣ್ಣಿಗೆ ಸರಿಯಾಗಿ ಕಾಣದ ಕಣವೂ ಬಣ್ಣದಿಂದ ತಲೆ ಹೊರಗೆ ಹಾಕಿ ನಿಲ್ಲುವುದು ಇದಕ್ಕೇ. ಮೇಲೆ ಇನ್ನೊಂದು ಕೋಟು ಹೊಡೆದರೆ ಕಣ ಮುಚ್ಚಿಹೋಗುವುದಿಲ್ಲ, ಬಣ್ಣ ಮೆತ್ತಿಕೊಂಡು ಇನ್ನೂ ಎದ್ದು ಕಾಣುತ್ತದೆ. 1/72 ಅಳತೆಯ ವಿಮಾನದ ರೆಕ್ಕೆ ಮೇಲೆ ಕೂತ 2 ಮಿಲಿಮೀಟರ್ ಎಳೆ ಎಂದರೆ ನಿಜವಾದ ರೆಕ್ಕೆ ಮೇಲೆ 14 ಸೆಂಟಿಮೀಟರಿಗಿಂತ ಉದ್ದದ ಹಗ್ಗ.

ಹಾಗೆಂದು ಬಣ್ಣದ ಮೇಲಿನ ಒರಟೆಲ್ಲ ಧೂಳೂ ಅಲ್ಲ, ಧೂಳೆಲ್ಲ ಸ್ಟ್ಯಾಟಿಕ್‌ನಿಂದ ಬಂದದ್ದೂ ಅಲ್ಲ. ಸ್ಟ್ಯಾಟಿಕ್ ಇಳಿಸುವ ಗನ್, ಅಯೋನೈಸರ್ ಅಂತ ದುಡ್ಡು ಸುರಿಯುವ ಮುಂಚೆ ಕೂತಿರುವುದು ಏನು, ಎಲ್ಲಿಂದ ಬಂತು, ಯಾವ ಹೊತ್ತಿನಲ್ಲಿ ಬಂತು ಎಂದು ಪತ್ತೆ ಮಾಡಬೇಕು.

ಮೊದಲು ಗುರುತು ಹಿಡಿಯಿರಿ

ಬಣ್ಣ ಪೂರ್ತಿ ಒಣಗಲಿ. ಕೋಣೆಯ ದೀಪ ಆರಿಸಿ, ಎಲ್‌ಇಡಿ ಟಾರ್ಚನ್ನು ಮೈಗೆ ತಾಗುವಷ್ಟು ಓರೆಯಾಗಿ ಹಿಡಿದು ನೋಡಿ. ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ 10 ಪಟ್ಟಿನ ಲೂಪ್ ಇದ್ದರೆ ಕೆಲಸ ಸಲೀಸು.

ಬಾಗಿದ, ಸುರುಳಿ ಸುತ್ತಿದ ಎಳೆ ಕಂಡರೆ ಅದು ಬಟ್ಟೆ, ಟವೆಲ್, ಟಿಶ್ಯೂ ಅಥವಾ ನೀವು ತೊಟ್ಟ ಸ್ವೆಟರಿನದು. ಮೊನಚು ಮೊನಚಾದ, ಪ್ಲಾಸ್ಟಿಕ್ಕಿನದೇ ಬಣ್ಣದ ಪುಡಿ ಪ್ಯಾನೆಲ್ ಗೆರೆ (ಮೈಮೇಲೆ ಕೊರೆದಿರುವ ಸಣ್ಣ ಗೆರೆ), ಜೋಡಣೆಯ ಸಂದಿ, ರಿವೆಟ್ ಕುಳಿಗಳ ಸುತ್ತ ಗುಂಪಾಗಿದ್ದರೆ ಅದು ಉಜ್ಜಿದ ಪುಡಿ. ಗೆರೆಯೊಳಗೆ ಅಡಗಿದ್ದು ಏರ್‌ಬ್ರಷ್‌ನ ಗಾಳಿ ತಾಗಿದಾಗ ಎದ್ದು ಪಕ್ಕದಲ್ಲಿ ಕೂತಿದೆ. ಎಳೆ, ಪುಡಿ, ಮನೆಯ ಮಾಮೂಲಿ ಧೂಳು ಈ ಮೂರೇ ಸ್ಟ್ಯಾಟಿಕ್‌ಗೆ ಸಂಬಂಧಪಟ್ಟವು.

ಇನ್ನು ಧೂಳಿನ ವೇಷ ಹಾಕುವವು. ಒಂದು ಬದಿ ನುಣುಪಾಗಿದ್ದು ಇನ್ನೊಂದು ಬದಿ ಒಂದೇ ಸಮ ತರಿತರಿಯಾಗಿದ್ದರೆ ಅದು ಒಣ ಸ್ಪ್ರೇ: ಬಣ್ಣದ ಹನಿ ದಾರಿಯಲ್ಲೇ ಒಣಗಿ ಪುಡಿಯಾಗಿ ಬಿದ್ದಿದೆ. ರೆಕ್ಕೆಯ ಬುಡ, ಕಾರಿನ ಬಾಡಿಯ ಒಳಮೂಲೆಗಳಲ್ಲಿ ಇದು ಜಾಸ್ತಿ. ಕಣ ಬಣ್ಣದ್ದೇ ಉಂಡೆಯಾಗಿದ್ದರೆ ಡಬ್ಬಿಯ ಬಾಯಲ್ಲಿ ಒಣಗಿದ ಚಕ್ಕೆ ಏರ್‌ಬ್ರಷ್‌ನ ಬಣ್ಣದ ಬಟ್ಟಲಿಗೆ ಬಿದ್ದಿದೆ, ಇಲ್ಲವೇ ಸೂಜಿಯ ತುದಿಯಲ್ಲಿ ಕಟ್ಟಿದ ಬಣ್ಣ ಉಗುಳಿದೆ. ಗುಂಡನೆಯ ಕುಳಿ ಬಿದ್ದು ತಳದಲ್ಲಿ ಪ್ಲಾಸ್ಟಿಕ್ ಕಂಡರೆ ಎಣ್ಣೆ ಅಥವಾ ಸಿಲಿಕೋನ್. ಜೇಡರಬಲೆಯಂಥ ನೂಲು ಬಣ್ಣ ತೀರಾ ಗಟ್ಟಿಯಾಗಿದ್ದಕ್ಕೆ. ಬಿಳಿ ಮಬ್ಬು ಮಳೆಗಾಲದಲ್ಲಿ ಲ್ಯಾಕರ್ (ಥಿನ್ನರ್ ಬೇಗ ಆರಿ ಒಣಗುವ ಬಣ್ಣ) ಮೇಲೆ ತೇವ ಕೂತದ್ದಕ್ಕೆ. ಇವು ಯಾವುದಕ್ಕೂ ಸ್ಟ್ಯಾಟಿಕ್ ಬ್ರಷ್ ಪರಿಹಾರವಲ್ಲ.

ಎಲ್ಲಿಂದ ಬಂತು: ಮೂರು ಪರೀಕ್ಷೆ

ಸ್ಟ್ಯಾಟಿಕ್ ಇದೆಯೇ ಎಂದು ತಿಳಿಯಲು ಮೀಟರ್ ಬೇಡ. ಟಿಶ್ಯೂ ಕಾಗದವನ್ನು 2–3 ಮಿಲಿಮೀಟರ್ ತುಂಡು ಮಾಡಿ ಹರಡಿ, ಬಣ್ಣಕ್ಕೆ ಸಿದ್ಧವಾದ ಭಾಗವನ್ನು 1 ಸೆಂಟಿಮೀಟರ್ ಎತ್ತರದಲ್ಲಿ ನಿಧಾನವಾಗಿ ಆಡಿಸಿ. ಚೂರುಗಳು ನೆಗೆದು ಅಂಟಿದರೆ ಆವೇಶ ಜೋರಾಗಿದೆ. ಬರೀ ಅಲುಗಾಡಿದರೆ ಅಲ್ಪಸ್ವಲ್ಪ ಇದೆ. ಒರೆಸುವ ಮುಂಚೆ ಒಮ್ಮೆ, ಒರೆಸಿದ ಮೇಲೆ ಒಮ್ಮೆ ಮಾಡಿ ನೋಡಿದರೆ ಯಾವ ಹಂತದಲ್ಲಿ ಏರುತ್ತಿದೆ ಎಂಬುದು ಕಣ್ಣೆದುರೇ ಗೊತ್ತಾಗುತ್ತದೆ.

ಎರಡನೆಯದು ಗಾಳಿಯ ಕೊಳವೆ ಮತ್ತು ಏರ್‌ಬ್ರಷ್‌ಗೆ. ಒದ್ದೆ ಮಾಡಿ ಒರೆಸಿದ ಗಾಜು ಅಥವಾ ಕನ್ನಡಿ ಮೇಲೆ ಬರೀ ಥಿನ್ನರನ್ನು 15 ಪಿಎಸ್‌ಐ ಒತ್ತಡದಲ್ಲಿ ಅರ್ಧ ನಿಮಿಷ ಹೊಡೆಯಿರಿ. ಆರಿದ ಮೇಲೆ ಓರೆ ಬೆಳಕಲ್ಲಿ ಕಣ ಕಂಡರೆ ಧೂಳು ಒಳಗಿನಿಂದಲೇ ಬರುತ್ತಿದೆ. ಗಾಜು ಸ್ವಚ್ಛವಾಗಿದ್ದರೆ ಅದೇ ಬಟ್ಟಲಿಗೆ ಬಣ್ಣ ಹಾಕಿ ಪಕ್ಕದಲ್ಲಿ ಹೊಡೆಯಿರಿ. ಈಗ ಉಂಡೆ ಕಂಡರೆ ದೋಷ ಬಣ್ಣದ್ದು.

ಮೂರನೆಯದೇ ಮುಖ್ಯ. ಪ್ಲಾಸ್ಟಿಕ್ ಚಮಚಗಳ ಮೇಲೆ ಪರೀಕ್ಷಿಸುವುದು ಹಳೆಯ ರೂಢಿ. 2022ರ ಜುಲೈ 1ರಿಂದ ಅವುಗಳ ಮಾರಾಟಕ್ಕೆ ನಿಷೇಧ ಇರುವುದರಿಂದ ಸ್ಟೈರೀನ್ ಹಾಳೆಯ ತುಂಡು ಅಥವಾ ಕಿಟ್‌ನಲ್ಲಿ ಉಳಿದ ಬಿಡಿಭಾಗ ಸಾಕು. ನಾಲ್ಕು ತುಂಡು ತೆಗೆದುಕೊಳ್ಳಿ. ನಾಲ್ಕನ್ನೂ ತೊಳೆದು ಒಣಗಿಸಿ, ಎರಡನ್ನು ಮಾತ್ರ ಒಣಬಟ್ಟೆಯಲ್ಲಿ ಇಪ್ಪತ್ತು ಸಲ ಉಜ್ಜಿ. ನಾಲ್ಕಕ್ಕೂ ಒಂದೇ ಹೊಳಪಿನ ಕಪ್ಪು ಹೊಡೆಯಿರಿ. ಉಜ್ಜಿದ್ದರಲ್ಲಿ ಒಂದು, ಉಜ್ಜದ್ದರಲ್ಲಿ ಒಂದು ತಕ್ಷಣ ಡಬ್ಬಿಯೊಳಗೆ ಹೋಗಲಿ. ಉಳಿದೆರಡನ್ನು ಸ್ಪ್ರೇ ಬೂತ್‌ನಲ್ಲಿ (ಬಣ್ಣದ ಮಂಜನ್ನು ಫ್ಯಾನಿನಿಂದ ಹೊರಗೆಳೆಯುವ ಪೆಟ್ಟಿಗೆ) ಫ್ಯಾನ್ ಓಡುತ್ತಿರುವಂತೆ ತೆರೆದಿಡಿ. ಅರ್ಧ ಗಂಟೆಯ ನಂತರ ಹೋಲಿಸಿ.

ಉಜ್ಜಿದ ಎರಡರಲ್ಲೂ ಚುಕ್ಕೆ ಇದ್ದು ಉಜ್ಜದ್ದು ಚೆನ್ನಾಗಿದ್ದರೆ ಕಾರಣ ಸ್ಟ್ಯಾಟಿಕ್. ತೆರೆದಿಟ್ಟ ಎರಡು ಮಾತ್ರ ಕೆಟ್ಟಿದ್ದರೆ ಧೂಳು ಬಣ್ಣ ಹೊಡೆದ ಮೇಲೆ ಕೋಣೆಯಿಂದ ಬಂದಿದೆ. ಸ್ಟ್ಯಾಟಿಕ್ ಎಷ್ಟು ಇಳಿಸಿದರೂ ಅದು ನಿಲ್ಲುವುದಿಲ್ಲ. ನಾಲ್ಕೂ ಕೆಟ್ಟಿದ್ದರೆ ಎರಡನೆಯ ಪರೀಕ್ಷೆಗೆ ವಾಪಸ್ ಹೋಗಿ.

ಸ್ಟ್ಯಾಟಿಕ್ ಏರುವುದು ಹೇಗೆ, ಇಳಿಸುವುದು ಹೇಗೆ

ಎರಡು ವಸ್ತು ಒತ್ತಿಕೊಂಡು ಬೇರ್ಪಟ್ಟಾಗ ಒಂದರಿಂದ ಇನ್ನೊಂದಕ್ಕೆ ಎಲೆಕ್ಟ್ರಾನ್ ದಾಟುತ್ತವೆ. ಪಾಲಿಸ್ಟೈರೀನ್ ಎಲೆಕ್ಟ್ರಾನ್ ಕಸಿದುಕೊಳ್ಳುವ ಪೈಕಿ. ಉಣ್ಣೆ, ನೈಲಾನ್, ಕೂದಲು, ಒಣಗಿದ ಚರ್ಮ ಕೊಡುವ ಪೈಕಿ. ಅದಕ್ಕೇ ಮಾಡೆಲ್ ಮೈ ಋಣಾವೇಶದಲ್ಲಿ ನಿಲ್ಲುತ್ತದೆ. ಅದು ವಿದ್ಯುತ್ ನಿರೋಧಕ ಆಗಿರುವುದರಿಂದ ಆವೇಶ ಉಜ್ಜಿದ ಜಾಗದಲ್ಲೇ ಉಳಿದುಬಿಡುತ್ತದೆ.

ಇಲ್ಲೊಂದು ತಪ್ಪು ತಿಳಿವಳಿಕೆ ಬಲವಾಗಿ ಬೇರೂರಿದೆ. ಮಾಡೆಲ್ ಹಿಡಿಕೆಗೆ ತಂತಿ ಕಟ್ಟಿ ಅರ್ಥಿಂಗ್ ಕೊಟ್ಟರೆ ಸ್ಟ್ಯಾಟಿಕ್ ಹೋಗುತ್ತದೆ ಎನ್ನುತ್ತಾರೆ. ತಂತಿ ತಾಗಿದ ಬಿಂದುವಿನಲ್ಲಿ ಮಾತ್ರ ಹೋಗುತ್ತದೆ. ಅರ್ಧ ಸೆಂಟಿಮೀಟರ್ ಆಚೆ ಇರುವ ಆವೇಶಕ್ಕೆ ತಂತಿವರೆಗೆ ಹರಿದು ಬರಲು ದಾರಿ ಇಲ್ಲ. ಕೈಗೆ ಕಟ್ಟುವ ಅರ್ಥಿಂಗ್ ಪಟ್ಟಿ ನಿಮ್ಮ ಮೈಯ ಆವೇಶ ಇಳಿಸುತ್ತದೆ, ಅಷ್ಟು ಉಪಯೋಗ ಇದೆ. ಡೈಕಾಸ್ಟ್ ಕಾರಿನ ಲೋಹದ ಬಾಡಿಗಾದರೆ ತಂತಿ ಸಾಕು. ಸ್ಟೈರೀನ್‌ಗೆ ಇರುವುದು ಮುಖ್ಯವಾಗಿ ಎರಡು ದಾರಿ: ಮೈಮೇಲೆ ತೆಳು ತೇವದ ಪದರ, ಅಥವಾ ಗಾಳಿಯಲ್ಲಿ ತೇಲಿಬಂದು ಆವೇಶವನ್ನು ಸರಿದೂಗಿಸುವ ಅಯಾನು (ಆವೇಶ ಹೊತ್ತ ಕಣ). ಪ್ರೈಮರ್ (ಬಣ್ಣಕ್ಕೆ ಮುಂಚಿನ ತಳದ ಕೋಟು) ಹೊಡೆದರೆ ಮುಗಿಯಿತು ಎನ್ನುವುದೂ ಸರಿಯಲ್ಲ. ಪ್ರೈಮರಿನ ಪದರವೂ ನಿರೋಧಕವೇ, ಅದನ್ನು ಒಣದಾಗಿ ಉಜ್ಜಿದರೂ ಸ್ಟ್ಯಾಟಿಕ್ ಏರುತ್ತದೆ.

ಏರಿಸುವ ಕೆಲಸಗಳು ಇವು: ಒಣಬಟ್ಟೆಯಲ್ಲಿ ಒರೆಸುವುದು, ಒಣದಾಗಿ ಸ್ಯಾಂಡಿಂಗ್, ನೈಲಾನ್ ಬ್ರಷ್‌ನಿಂದ ರಭಸವಾಗಿ ಧೂಳು ಹೊಡೆಯುವುದು, ಪಾಲಿಥಿನ್ ಕವರಿನಿಂದ ಸರ್ರನೆ ಎಳೆಯುವುದು. ಇವಕ್ಕಿಂತ ಮೋಸ ಮಾಡುವುದು ಬಣ್ಣ ತಾಗಬಾರದ ಜಾಗ ಮುಚ್ಚುವ ಮಾಸ್ಕಿಂಗ್ ಟೇಪ್. ಮೊದಲ ಬಣ್ಣ ಅಂದವಾಗಿ ಬಂದು ಎರಡನೆಯದರಲ್ಲಿ ಮಾತ್ರ, ಅದೂ ಟೇಪ್ ಅಂಚಿನ ಆಸುಪಾಸಿನಲ್ಲಿ ಧೂಳು ಕಂಡರೆ ಸಂಶಯ ಟೇಪ್ ಮೇಲೆ ಹೋಗಬೇಕು. ಅಂಟು ಬಿಡುವ ಒಂದೊಂದು ಇಂಚಿನಲ್ಲೂ ಆವೇಶ ಬೇರ್ಪಡುತ್ತದೆ. ಟೇಪನ್ನು ಹಿಂದಕ್ಕೆ ಮಡಚಿದಂತೆ ಚೂಪು ಕೋನದಲ್ಲಿ, ನಿಧಾನವಾಗಿ ತೆಗೆಯಿರಿ. ಮುಂದಿನ ಬಣ್ಣಕ್ಕೆ ಮುಂಚೆ ಆ ಜಾಗವನ್ನು ಮತ್ತೆ ನಿರಾವೇಶ ಮಾಡಿ.

ನೀರಿನ ದಾರಿ ಎಲ್ಲಕ್ಕಿಂತ ಅಗ್ಗ, ಎಲ್ಲಕ್ಕಿಂತ ನಂಬಿಕಸ್ತ. ಉಜ್ಜುವುದೆಲ್ಲ ಒದ್ದೆಯಲ್ಲೇ ನಡೆಯಲಿ: ಕಾರು ಪೇಂಟಿಂಗ್ ಸಾಮಾನಿನ ಅಂಗಡಿಯಲ್ಲಿ ಸಿಗುವ ವಾಟರ್ ಪೇಪರ್ 400, 600, 1000 ನಂಬರು, ಬಟ್ಟಲು ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ. ಪುಡಿ ಗಾಳಿಗೆ ಏಳುವುದಿಲ್ಲ, ಆವೇಶವೂ ಏರುವುದಿಲ್ಲ. ರೆಸಿನ್ ಭಾಗಗಳಲ್ಲಂತೂ ಇದು ಶ್ವಾಸಕೋಶದ ಪ್ರಶ್ನೆ. ರೆಸಿನ್ ಪುಡಿ ಒಳಗೆ ಹೋಗಬಾರದು. ಉಜ್ಜಿದ ಮೇಲೆ ಅರ್ಧ ಲೀಟರ್ ಉಗುರುಬೆಚ್ಚನೆ ನೀರಿಗೆ ಅದೇ ಲಿಕ್ವಿಡ್ 3–4 ಹನಿ ಹಾಕಿ, ಮೆತ್ತನೆ ಟೂತ್ ಬ್ರಷ್‌ನಲ್ಲಿ ಪ್ಯಾನೆಲ್ ಗೆರೆಯ ಉದ್ದಕ್ಕೂ ತಿಕ್ಕಿ. ಬಿಸಿನೀರು ಬೇಡ, ತೆಳು ಭಾಗ ಸೊಟ್ಟಗಾಗುತ್ತದೆ. ಬರೀ ನೀರಲ್ಲಿ ಎರಡು ಸಲ ತೊಳೆಯಿರಿ. ಬೋರ್‌ವೆಲ್ ನೀರಾದರೆ ಕೊನೆಯ ತೊಳೆತಕ್ಕೆ ಡಿಸ್ಟಿಲ್ಡ್ ವಾಟರ್ ಇರಲಿ, ಬ್ಯಾಟರಿಗೆ ಹಾಕುವಂಥದ್ದು. ಇಲ್ಲವಾದರೆ ಹನಿ ಆರಿದಲ್ಲೆಲ್ಲ ಸುಣ್ಣದ ಕಲೆ ಉಳಿದು ಅದೇ ಒಂದು ಧೂಳಾಗುತ್ತದೆ. ಕೊಡವಿ, ಮುಚ್ಚಳವಿರುವ ಡಬ್ಬಿಯಲ್ಲಿ ಓರೆಯಾಗಿ ನಿಲ್ಲಿಸಿ, ತಾನಾಗಿ ಒಣಗಲಿ. ಇಲ್ಲಿ ಟವೆಲ್ ಮುಟ್ಟಿದಿರೋ, ಮಾಡಿದ್ದೆಲ್ಲ ವ್ಯರ್ಥ.

ತೊಳೆಯಲಾಗದ ಹಂತದಲ್ಲಿ, ಅಂದರೆ ಕಾಕ್‌ಪಿಟ್ ಒಳಗೆ ಕೂತ ಮೇಲೆ, ಶೇಕಡಾ 70ರ ಐಸೊಪ್ರೊಪೈಲ್ ಆಲ್ಕೋಹಾಲ್ ಕೆಲಸಕ್ಕೆ ಬರುತ್ತದೆ. ಉಳಿದ ಶೇಕಡಾ 30 ನೀರು ಇರುವುದು ಇಲ್ಲಿ ಅನುಕೂಲವೇ. ಎಳೆ ಬಿಡದ ಮೈಕ್ರೋಫೈಬರ್ ತುಂಡಿಗೆ ಸ್ವಲ್ಪ ಹಾಕಿ ಒಂದೇ ದಿಕ್ಕಿಗೆ, ಒತ್ತದೆ, ಒಂದು ಸಲ ಎಳೆಯಿರಿ. ಆರಿದ ಮೇಲೂ ಅದೇ ಬಟ್ಟೆಯಲ್ಲಿ ಉಜ್ಜುತ್ತ ಕೂತರೆ ಸ್ಟ್ಯಾಟಿಕ್ ಮತ್ತೆ ಏರುತ್ತದೆ. ಬರಿಯ ಪ್ಲಾಸ್ಟಿಕ್ ಮೇಲೆ ಇದು ಕ್ಷೇಮ. ಟಮಿಯಾದ ಎಕ್ಸ್, ಎಕ್ಸ್‌ಎಫ್ ಅಕ್ರಿಲಿಕ್ ಮೇಲೆ ಹಾಕಿದರೆ ಬಣ್ಣವೇ ಕರಗಿ ಬರುತ್ತದೆ. ಅಲ್ಲಿ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆ ಸಾಕು.

ಸ್ಟ್ಯಾಟಿಕ್ ಬ್ರಷ್ ಎಂದು ಸಿಗುವವುಗಳಲ್ಲಿ ಕೆಲಸ ಮಾಡುವುದು ವಿದ್ಯುತ್ ಹರಿಯಬಲ್ಲ ಸೂಕ್ಷ್ಮ ಎಳೆಗಳಿರುವುದು. ಆವೇಶ ಆ ಎಳೆಗಳ ತುದಿಯಿಂದ ನಿಮ್ಮ ಕೈಗೆ, ಕೈಯಿಂದ ಭೂಮಿಗೆ ಇಳಿಯುತ್ತದೆ. ಆದ್ದರಿಂದ ಬರಿಗೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಅರ್ಥ್ ಆದ ಲೋಹ ಮುಟ್ಟಿಕೊಂಡು, ಕೂದಲ ತುದಿ ಮಾತ್ರ ತಾಗುವಂತೆ ನಿಧಾನವಾಗಿ ಎಳೆಯಬೇಕು. ರಭಸದಿಂದ ಗುಡಿಸಿದರೆ ಅದೂ ಒಂದು ಉಜ್ಜುವಿಕೆಯೇ ಆಗುತ್ತದೆ. ಮುಖದ ಮೇಕಪ್ ಬ್ರಷ್ ಮೆತ್ತಗಿದೆ ಎಂದು ಬಳಸುವವರಿದ್ದಾರೆ. ಹೊಸದರ ಕೂದಲು ಉದುರುತ್ತದೆ, ಹಳೆಯದರಲ್ಲಿ ಪೌಡರ್, ಎಣ್ಣೆ ಇರುತ್ತದೆ. ಬೇಡ.

ಗ್ರಾಮಫೋನ್ ತಟ್ಟೆಗಳಿಗಾಗಿ ಬಂದ ಮಿಲ್ಟಿ ಜೀರೋಸ್ಟ್ಯಾಟ್‌ನಂಥ ಪೀಜೋ ಗನ್ (ಅಯಾನು ಹಾರಿಸುವ ಪಿಸ್ತೂಲಿನಂಥ ಸಾಧನ) ಮಾಡೆಲ್‌ಗೂ ಚೆನ್ನಾಗಿ ಒಗ್ಗುತ್ತದೆ. 30 ಸೆಂಟಿಮೀಟರ್ ದೂರದಿಂದ ಟ್ರಿಗರನ್ನು ಎರಡು ಸೆಕೆಂಡಿನಲ್ಲಿ ಮೆಲ್ಲಗೆ ಒತ್ತಿದರೆ ಧನ ಅಯಾನು, ಮೆಲ್ಲಗೆ ಬಿಟ್ಟರೆ ಋಣ ಅಯಾನು ಬರುತ್ತದೆ. ಪ್ರತಿ ಬದಿಗೂ ಎರಡು ಮೂರು ಸಲ ಸಾಕು. ಟಕ್ಕೆಂದು ಒತ್ತಿದರೆ ಕಿಡಿ ಹಾರಿ ಅಯಾನು ವ್ಯರ್ಥವಾಗುತ್ತದೆ. ಕಿಡಿ ಎಂದ ಮೇಲೆ ಇದನ್ನೂ ಹೇಳಬೇಕು: ಪೀಜೋ ಗನ್, ಅಯೋನೈಸರ್ ಫ್ಯಾನ್ ಎರಡನ್ನೂ ಬಣ್ಣ, ಥಿನ್ನರ್ ಡಬ್ಬಿಗಳ ಮುಚ್ಚಳ ತೆಗೆಯುವ ಮುಂಚೆ ಬಳಸಿ ದೂರ ಇಡಬೇಕು. ಲ್ಯಾಕರ್ ಥಿನ್ನರಿನ ಆವಿಗೆ ಸಣ್ಣ ಕಿಡಿ ಸಾಕು.

ನಿರಾವೇಶ ಮಾಡಿದರೆ ಧೂಳು ಹಿಡಿತ ಬಿಡುತ್ತದೆ, ಜಾಗ ಬಿಟ್ಟು ಹೋಗುವುದಿಲ್ಲ. ಹೊರಗೆ ಹಾಕುವ ಕೆಲಸ ಗಾಳಿಯದು: ಖಾಲಿ, ತೊಳೆದ ಏರ್‌ಬ್ರಷ್‌ನಲ್ಲಿ ಟ್ರಿಗರ್ ಹಿಂದೆ ಎಳೆಯದೆ ಕೆಳಗೆ ಮಾತ್ರ ಒತ್ತಿ, 20–25 ಪಿಎಸ್‌ಐ, 10 ಸೆಂಟಿಮೀಟರ್ ದೂರ, ಬೂತ್‌ನ ಫಿಲ್ಟರ್ ಕಡೆಗೆ ಮುಖ ಮಾಡಿ ಊದಬೇಕು. ಈ ಕ್ರಮ ತಿರುಗುಮುರುಗಾದರೆ, ಅಂದರೆ ಊದಿ ಆಮೇಲೆ ನಿರಾವೇಶ ಮಾಡಿದರೆ, ಸಣ್ಣ ಕಣಗಳು ಅಂಟಿದಲ್ಲೇ ಇರುತ್ತವೆ. ಬಾಯಿಂದ ಊದಬೇಡಿ, ಎಂಜಲ ಹನಿ ಬಿದ್ದಲ್ಲಿ ಬಣ್ಣ ಕೂರುವುದಿಲ್ಲ.

ಟ್ಯಾಕ್ ಕ್ಲಾತ್ ಎಂಬ ಅಂಟಿನ ಬಟ್ಟೆಯನ್ನು ಕಾರು ಪೇಂಟರುಗಳು ಬಳಸುತ್ತಾರೆ. ಮಾಡೆಲ್ ಮೇಲೆ ಒತ್ತಿ ಎಳೆದರೆ ಅದರ ಮೇಣ ಉಳಿದು ಕುಳಿ ಬೀಳುತ್ತದೆ. ಬಳಸಲೇಬೇಕಿದ್ದರೆ ಪೂರ್ತಿ ಬಿಡಿಸಿ, ಸಡಿಲವಾಗಿ ಮಡಚಿ, ತನ್ನ ಭಾರದಲ್ಲೇ ಹರಿದಾಡುವಂತೆ ಒಮ್ಮೆ ಸವರಿ.

ಕೈಗವಸು ಹಾಕುವವರು ನೈಟ್ರೈಲ್ ಹಾಕಿ; ಲ್ಯಾಟೆಕ್ಸ್‌ಗಿಂತ ಇದರಲ್ಲಿ ಆವೇಶ ಬೇಗ ಇಳಿಯುತ್ತದೆ.

ಹವೆ ಮತ್ತು ಕೋಣೆ

ಆರ್ದ್ರತೆ ಅಳೆಯುವ ಅಗ್ಗದ ಡಿಜಿಟಲ್ ಹೈಗ್ರೋಮೀಟರ್ ಒಂದು ಮೇಜಿನ ಮೇಲಿರಲಿ. ಗಾಳಿಯ ಆರ್ದ್ರತೆ ಶೇಕಡಾ 40ಕ್ಕಿಂತ ಕೆಳಗಿಳಿದರೆ ಏರಿದ ಸ್ಟ್ಯಾಟಿಕ್ ಬಹಳ ಹೊತ್ತು ಉಳಿಯುತ್ತದೆ. 55 ದಾಟಿದರೆ ಪ್ಲಾಸ್ಟಿಕ್ ಮೈಮೇಲೆ ಕಣ್ಣಿಗೆ ಕಾಣದ ನೀರಿನ ಪದರ ಕೂತು ತಾನಾಗಿ ಇಳಿಯುತ್ತದೆ. 70 ದಾಟಿದರೆ ಲ್ಯಾಕರ್ ಬಿಳಿಚಿಕೊಳ್ಳುವ ಭಯ. 45ರಿಂದ 60ರ ನಡುವೆ ಕೆಲಸ ಮಾಡುವುದು ಹದ.

ಬೆಂಗಳೂರು, ಮೈಸೂರಿನಲ್ಲಿ ಫೆಬ್ರುವರಿಯಿಂದ ಏಪ್ರಿಲ್ ಮೊದಲ ಮಳೆಯವರೆಗೆ, ಕಲಬುರಗಿ, ರಾಯಚೂರು, ವಿಜಯಪುರದಲ್ಲಿ ಬೇಸಿಗೆಯುದ್ದಕ್ಕೂ ಮಧ್ಯಾಹ್ನದ ಗಾಳಿ ತೀರಾ ಒಣ. ಅದೇ ದಿನ ಬೆಳಗಿನ ಆರು–ಏಳು ಗಂಟೆಗೆ ಆರ್ದ್ರತೆ ಎಷ್ಟೋ ಮೇಲಿರುತ್ತದೆ. ಹೊಳಪಿನ ಕೋಟನ್ನು ಬೆಳಗಿನ ಹೊತ್ತಿಗೆ ಇಟ್ಟುಕೊಂಡರೆ ಅರ್ಧ ತೊಂದರೆ ಖರ್ಚಿಲ್ಲದೆ ಕಳೆಯುತ್ತದೆ. ಮಂಗಳೂರು, ಕಾರವಾರದ ಕಡೆಯವರಿಗೆ ಸ್ಟ್ಯಾಟಿಕ್ ಅಪರೂಪ. ಅಲ್ಲಿ ಚುಕ್ಕೆ ಕಂಡರೆ ಮೊದಲು ಕೊಳವೆಯ ನೀರು, ಬಟ್ಟೆಯ ಎಳೆ ನೋಡಿ. ಎ.ಸಿ. ಗಾಳಿಯನ್ನು ಒಣಗಿಸುತ್ತದೆ. ಕೆನಡಾ, ಅಮೆರಿಕದ ಉತ್ತರ ಭಾಗದಲ್ಲಿರುವವರಿಗೆ ಚಳಿಗಾಲದಲ್ಲಿ ಹೀಟರ್ ಹಾಕಿದ ಮನೆಯ ಆರ್ದ್ರತೆ 20–30ಕ್ಕೆ ಇಳಿಯುವುದುಂಟು. ಅಲ್ಲಿ ಅಯಾನು ಗನ್ ನಿಜಕ್ಕೂ ಬೇಕಾಗುತ್ತದೆ.

ಆರ್ದ್ರತೆ ಏರಿಸಲು ಅಲ್ಟ್ರಾಸಾನಿಕ್ ಹ್ಯೂಮಿಡಿಫೈಯರ್ ಇಟ್ಟರೆ ನೀರು ಯಾವುದು ಎಂಬುದೇ ಮುಖ್ಯ. ಆ ಯಂತ್ರ ನೀರನ್ನು ಆವಿ ಮಾಡುವುದಿಲ್ಲ, ಹನಿಯಾಗಿ ಒಡೆದು ಹಾರಿಸುತ್ತದೆ. ಹನಿಯ ನೀರು ಆರಿ ಅದರಲ್ಲಿದ್ದ ಲವಣ ಬಿಳಿ ಪುಡಿಯಾಗಿ ಕೋಣೆಯೆಲ್ಲ ಹರಡುತ್ತದೆ. ಗಡಸು ಬೋರ್‌ವೆಲ್ ನೀರು ಹಾಕಿ ಧೂಳು ಕಡಿಮೆ ಮಾಡಲು ಹೋದರೆ ಧೂಳನ್ನೇ ತಯಾರಿಸಿದಂತಾಗುತ್ತದೆ. ಡಿಸ್ಟಿಲ್ಡ್ ಅಥವಾ ಆರ್‌ಒ ನೀರು ಹಾಕಿ. ನೆಲವನ್ನು ಒದ್ದೆ ಬಟ್ಟೆಯಲ್ಲಿ ಒರೆಸುವುದು ಇನ್ನೂ ಸರಳ. ಧೂಳೂ ಹೋಗುತ್ತದೆ, ಆರ್ದ್ರತೆಯೂ ಏರುತ್ತದೆ. ಬಣ್ಣದ ದಿನ ಪೊರಕೆ ಮುಟ್ಟಬೇಡಿ.

ಸೀಲಿಂಗ್ ಫ್ಯಾನ್ ಅರ್ಧ ಗಂಟೆ ಮುಂಚೆ ನಿಲ್ಲಲಿ. ನಿಶ್ಚಲ ಗಾಳಿಯಲ್ಲಿ 20 ಮೈಕ್ರಾನ್ ಕಣ ಸೆಕೆಂಡಿಗೆ ಸುಮಾರು 1.2 ಸೆಂಟಿಮೀಟರ್ ಇಳಿಯುತ್ತದೆ, 10 ಮೈಕ್ರಾನ್‌ನದು ಸುಮಾರು 3 ಮಿಲಿಮೀಟರ್. ಎರಡೂವರೆ ಮೀಟರ್ ಎತ್ತರದ ಸೂರಿನಿಂದ ಮೊದಲನೆಯದು ಮೂರೂವರೆ ನಿಮಿಷದಲ್ಲಿ, ಎರಡನೆಯದು ಹದಿನಾಲ್ಕು ನಿಮಿಷದಲ್ಲಿ ನೆಲ ಸೇರುತ್ತದೆ. ನಮ್ಮ ಬಣ್ಣದಲ್ಲಿ ಎದ್ದು ಕಾಣುವ ಗಾತ್ರದವೆಲ್ಲ ಅರ್ಧ ಗಂಟೆಯೊಳಗೆ ಕೆಳಗಿರುತ್ತವೆ, ನೀವು ಓಡಾಡಿ ಮತ್ತೆ ಎಬ್ಬಿಸದಿದ್ದರೆ.

ಉಡುಪಿನ ವಿಷಯ ಚುಟುಕಾಗಿ: ಹಲವು ಸಲ ಒಗೆದ, ನುಣುಪು ನೇಯ್ಗೆಯ ಅರ್ಧ ತೋಳಿನ ಅಂಗಿ. ಉಣ್ಣೆ, ಫ್ಲೀಸ್, ಹೆಗಲ ಮೇಲಿನ ಟವೆಲ್ ಕೋಣೆಯ ಹೊರಗೆ. ಮುಂಗೈ ಒದ್ದೆ ಮಾಡಿಕೊಂಡರೆ ರೋಮ, ಚರ್ಮದ ಹೊಟ್ಟು ಉದುರುವುದು ತಪ್ಪುತ್ತದೆ.

ಸ್ಪ್ರೇ ಬೂತ್ ಧೂಳು ಎಳೆದು ತರುತ್ತದೆ

ಬೂತ್ ಇದ್ದರೆ ಧೂಳಿಲ್ಲ ಎಂದುಕೊಳ್ಳುತ್ತೇವೆ. ಲೆಕ್ಕ ಹಾಕಿ ನೋಡಿ. ಬೂತ್‌ನ ಬಾಯಿ 42 × 30 ಸೆಂಟಿಮೀಟರ್, ಗಾಳಿಯ ವೇಗ ಸೆಕೆಂಡಿಗೆ ಅರ್ಧ ಮೀಟರ್ ಇದ್ದರೆ ಗಂಟೆಗೆ ಸುಮಾರು 227 ಘನ ಮೀಟರ್ ಗಾಳಿ ಹೊರಹೋಗುತ್ತದೆ. 3 × 3 ಮೀಟರ್ ಅಗಲ, 2.7 ಮೀಟರ್ ಎತ್ತರದ ಕೋಣೆಯಲ್ಲಿ ಇರುವುದೇ 24 ಘನ ಮೀಟರ್. ಅಂದರೆ ಗಂಟೆಗೆ ಒಂಬತ್ತು ಸಲ ಇಡೀ ಕೋಣೆಯ ಗಾಳಿ ನಿಮ್ಮ ಹಸಿ ಬಣ್ಣದ ಪಕ್ಕದಿಂದ ಹಾದುಹೋಗುತ್ತದೆ, ಅಷ್ಟೇ ಗಾಳಿ ಬಾಗಿಲ ಸಂದಿ, ಕಿಟಕಿಯಿಂದ ಒಳಗೆ ಬರುತ್ತದೆ. ಕಿಟಕಿ ರಸ್ತೆ ಕಡೆಗಿದ್ದರೆ ರಸ್ತೆಯ ಧೂಳೇ ಬರುವುದು.

ವಿಷಗಾಳಿ ಹೊರಹಾಕಲು ಬೂತ್ ಬೇಕೇ ಬೇಕು, ಅದನ್ನು ನಿಲ್ಲಿಸುವ ಮಾತಿಲ್ಲ. ಸರಿಪಡಿಸಬೇಕಾದದ್ದು ಗಾಳಿ ಒಳಬರುವ ದಾರಿ. ಒಂದೇ ಕಡೆಯಿಂದ ಬರುವಂತೆ ಮಾಡಿ, ಅಲ್ಲಿ ಎ.ಸಿ. ಫಿಲ್ಟರ್ ಹಾಳೆ ಅಥವಾ ಹಿಂಡಿದ ಒದ್ದೆ ಬಟ್ಟೆ ಕಟ್ಟಿ, ಉಳಿದ ಸಂದಿ ಮುಚ್ಚಿ. ಹೊಡೆಯುವ ಹತ್ತು ನಿಮಿಷ ಮುಂಚೆಯೇ ಬೂತ್ ಶುರು ಮಾಡಿದರೆ ಮೊದಲ ಗಾಳಿಗೆ ಏಳುವ ಧೂಳು ಆಗಲೇ ಹೋಗಿರುತ್ತದೆ. ಹೊಡೆದು ಮುಗಿದ ಮೇಲೆ ಮಾಡೆಲ್ ಬೂತ್‌ನಲ್ಲೇ ಒಣಗಬಾರದು: ಡಬ್ಬಿಗೆ ಸೇರಿಸಿ, ಬೂತ್ ಓಡುತ್ತಿರಲಿ.

ಗಾಳಿ ಹೇಗೆ ಹರಿಯುತ್ತಿದೆ ಎಂದು ನೋಡಲು ಊದುಬತ್ತಿಗಿಂತ ಒಳ್ಳೆಯ ಸಾಧನವಿಲ್ಲ. ಬಣ್ಣ, ಥಿನ್ನರ್ ಕೋಣೆಯಲ್ಲಿ ಇಲ್ಲದಾಗ ಊದುಬತ್ತಿ ಹಚ್ಚಿ ಬೂತ್ ಬಾಯಿಯ ನಾಲ್ಕು ಮೂಲೆ, ನಡುವೆ ಹಿಡಿಯಿರಿ. ಹೊಗೆ ನೇರ ಒಳಗೆ ಹೋಗಬೇಕು. ಮೂಲೆಯಲ್ಲಿ ಸುತ್ತಿ ಸುತ್ತಿ ವಾಪಸ್ ಬಂದರೆ ಬಣ್ಣದ ಒಣ ಪುಡಿಯೂ ಹಾಗೇ ವಾಪಸ್ ಬಂದು ಮಾಡೆಲ್ ಮೇಲೆ ಕೂರುತ್ತಿದೆ. ಕಾರಣ ಸಾಮಾನ್ಯವಾಗಿ ಕಟ್ಟಿದ ಫಿಲ್ಟರ್, ಬಾಗಿದ ಹೊರಕೊಳವೆ.

ಬೂತ್‌ನ ಒಳಗೋಡೆ ನೋಡಿದ್ದೀರಾ? ಹಳೆಯ ಬಣ್ಣದ ಪುಡಿ ತೆಳುವಾಗಿ ಹಿಟ್ಟು ಮೆತ್ತಿದಂತಿರುತ್ತದೆ. ಏರ್‌ಬ್ರಷ್‌ನ ಗಾಳಿ ಗೋಡೆಗೆ ಬಡಿದು ಅದನ್ನು ಎಬ್ಬಿಸುತ್ತದೆ. ಕಪ್ಪಿನ ಮೇಲೆ ಬಿಳಿ, ಕೆಂಪಿನ ಮೇಲೆ ಬೂದು ಚುಕ್ಕೆ ಬಂದರೆ ಮೂಲ ಇದೇ. ಪ್ರತಿ ಸಲವೂ ಒದ್ದೆ ಬಟ್ಟೆಯಲ್ಲಿ ಒರೆಸಿ. ಕೊನೆಗೆ ಅರ್ಧ ಲೀಟರ್ ನೀರಿಗೆ ಒಂದು ಟೀ ಚಮಚ ಫ್ಯಾಬ್ರಿಕ್ ಕಂಡೀಷನರ್ ಬೆರೆಸಿ ಗೋಡೆಗೂ, ಒಣಗಿಸುವ ಡಬ್ಬಿಯ ಒಳಮೈಗೂ ಸವರಿದರೆ ಅವು ಆವೇಶ ಹಿಡಿಯುವುದಿಲ್ಲ. ಈ ದ್ರಾವಣ ಮಾಡೆಲ್‌ಗೆ ತಾಗಬಾರದು, ಅದರ ಪದರದ ಮೇಲೆ ಬಣ್ಣ ಹಿಡಿಯದು. ಒಣಗಿಸುವ ಡಬ್ಬಿಯ ವಿಷಯ ಹಲವರಿಗೆ ಹೊಳೆಯುವುದೇ ಇಲ್ಲ: ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯನ್ನು ಒಣಬಟ್ಟೆಯಲ್ಲಿ ಫಳಫಳ ಒರೆಸಿ ಹಸಿ ಮಾಡೆಲ್ ಮೇಲೆ ಮುಚ್ಚಿದರೆ ಮುಚ್ಚಳ ಸೆಳೆದಿಟ್ಟುಕೊಂಡ ಧೂಳೆಲ್ಲ ಕೆಳಗೆ ಉದುರುತ್ತದೆ.

ಕೊಳವೆ, ಬಣ್ಣ, ಹದ

ಎರಡನೆಯ ಪರೀಕ್ಷೆಯಲ್ಲಿ ಗಾಜು ಕೆಟ್ಟಿದ್ದರೆ ಮಾತ್ರ ಇಲ್ಲಿ ಹುಡುಕಿ. ಜೋಡಣೆಗಳಿಗೆ ಸುತ್ತಿದ ಬಿಳಿ ಟೆಫ್ಲಾನ್ ಟೇಪ್ ಮೊದಲ ಅಪರಾಧಿ. ತುದಿಯ ಎರಡು ತಿರುಪು (ಥ್ರೆಡ್) ಬಿಟ್ಟು ಸುತ್ತದಿದ್ದರೆ ಅದರ ನೂಲು ಹರಿದು ಗಾಳಿಯ ಜತೆ ಬರುತ್ತದೆ. ಹಳೆಯ ರಬ್ಬರ್ ಹೋಸ್ ಒಳಗೆ ಬಿರಿದು ಕಪ್ಪು ಪುಡಿ ಬಿಡುತ್ತದೆ, ಹೋಸ್ ಬದಲಿಸಿ. ಕಂಪ್ರೆಸರ್ ಟ್ಯಾಂಕ್‌ನ ನೀರನ್ನು ಪ್ರತಿ ಸಲ ಬಸಿದು ಹಾಕಿ. ಬಿಸಿ ಗಾಳಿ ಹೋಸ್‌ನಲ್ಲಿ ತಣಿದ ಮೇಲೆ ನೀರಾಗುವುದರಿಂದ ಕಂಪ್ರೆಸರ್ ಪಕ್ಕದ, ನೀರು ಹಿಡಿಯುವ ಟ್ರ್ಯಾಪ್ ಸಾಲದು. ಏರ್‌ಬ್ರಷ್ ಹತ್ತಿರ ಇನ್ನೊಂದು ಸಣ್ಣದು ಇರಲಿ.

ಬಣ್ಣದ ಡಬ್ಬಿಯ ಕಂಠವನ್ನು ಥಿನ್ನರಿನಲ್ಲಿ ಒರೆಸಿ, ಬೆರೆಸಿದ ಬಣ್ಣವನ್ನು 100 ಮೈಕ್ರಾನ್ ಜಾಲರಿಯಲ್ಲಿ ಸೋಸಿ, ಏರ್‌ಬ್ರಷ್‌ನ ಬಟ್ಟಲಿಗೆ ಮುಚ್ಚಳ ಹಾಕಿ.

ಒಣ ಸ್ಪ್ರೇ ಆಗಿದ್ದರೆ ದೂರ 8–10 ಸೆಂಟಿಮೀಟರಿಗೆ ಇಳಿಯಲಿ, ಒತ್ತಡ 15–18 ಪಿಎಸ್‌ಐ. ಲ್ಯಾಕರಾದರೆ ಒಂದು ಪಾಲು ಬಣ್ಣಕ್ಕೆ ಒಂದೂವರೆಯಿಂದ ಎರಡು ಪಾಲು ಥಿನ್ನರ್. ಮಿಸ್ಟರ್ ಲೆವೆಲಿಂಗ್ ಥಿನ್ನರ್‌ನಂಥ ನಿಧಾನ ಒಣಗುವುದನ್ನು ಹಾಕಿದರೆ ತರಿ ಹೋಗುತ್ತದೆ, ಆದರೆ ಮೈ ಹಸಿಯಾಗಿರುವ ಹೊತ್ತು ಹೆಚ್ಚಿ ಧೂಳಿಗೆ ಅವಕಾಶವೂ ಹೆಚ್ಚುತ್ತದೆ. ಬೇಸಿಗೆ ಮಧ್ಯಾಹ್ನಕ್ಕೆ ಅದು ಬೇಕು. ತಂಪು ಬೆಳಗ್ಗೆ ಅದನ್ನು ಅರ್ಧಕ್ಕೆ ಇಳಿಸಬಹುದು. ಇನಾಮಲ್ ಗಂಟೆಗಟ್ಟಲೆ ಹಸಿಯಾಗಿರುತ್ತದೆ. ಧೂಳಿನ ಮನೆಯಲ್ಲಿ ಹೊಳಪಿನ ಕೆಲಸಕ್ಕೆ ಲ್ಯಾಕರೇ ಮೇಲು, ಆವಿಗೆ ತಕ್ಕ ಆರ್ಗ್ಯಾನಿಕ್ ಕಾರ್ಟ್ರಿಜ್ ಮಾಸ್ಕ್ ಇದ್ದರೆ.

ಬಣ್ಣದ ದಿನದ ಕ್ರಮ

1. ಹಿಂದಿನ ರಾತ್ರಿ ಮಾಡೆಲ್ ತೊಳೆದು ಡಬ್ಬಿಯಲ್ಲಿ ಒಣಗಲು ಇಡಿ.
2. ನೆಲ, ಮೇಜು, ಬೂತ್ ಒದ್ದೆ ಬಟ್ಟೆಯಲ್ಲಿ ಒರೆಸಿ, ಫ್ಯಾನ್ ನಿಲ್ಲಿಸಿ, ಅರ್ಧ ಗಂಟೆ ಕೋಣೆಗೆ ಹೋಗಬೇಡಿ.
3. ಬೂತ್ ಹತ್ತು ನಿಮಿಷ ಓಡಲಿ. ಅಷ್ಟರಲ್ಲಿ ಕೈ, ಮುಂಗೈ ಒದ್ದೆ ಮಾಡಿಕೊಳ್ಳಿ.
4. ಮಾಡೆಲ್ ಹೊರತೆಗೆದು ಟಿಶ್ಯೂ ಚೂರಿನ ಪರೀಕ್ಷೆ. ಚೂರು ಅಂಟಿದರೆ ಗನ್, ಬ್ರಷ್ ಅಥವಾ ಒದ್ದೆ ಬಟ್ಟೆ.
5. ಫಿಲ್ಟರ್ ಕಡೆ ಊದಿ, ಓರೆ ಬೆಳಕಲ್ಲಿ ನೋಡಿ. ಉಳಿದ ಎಳೆಯನ್ನು ತೇವದ ಬ್ರಷ್ ತುದಿಯಿಂದ ಎತ್ತಿ.
6. ಗನ್ ದೂರ ಇಟ್ಟು, ಮಾಸ್ಕ್ ಹಾಕಿ, ಆಮೇಲೆ ಬಣ್ಣದ ಮುಚ್ಚಳ ತೆಗೆಯಿರಿ.
7. ಮೊದಲು ತೆಳು ಮಂಜಿನಂಥ ಕೋಟು, ಐದು ನಿಮಿಷ ಬಿಟ್ಟು ಹಸಿ ಕೋಟು. ನಡುವೆ ಒಮ್ಮೆ ಟಾರ್ಚ್.
8. ಹೊಡೆದ ಕೂಡಲೇ ಡಬ್ಬಿಗೆ.

ಐದನೆಯ ಹೆಜ್ಜೆಯ ನಂತರ ಮಾಡೆಲ್ ಮೈಯನ್ನು ಯಾವುದರಿಂದಲೂ ಉಜ್ಜುವಂತಿಲ್ಲ.

ಕೂತ ಧೂಳನ್ನು ತೆಗೆಯುವುದು

ಹಸಿ ಬಣ್ಣದಲ್ಲಿ ಎಳೆಯ ಒಂದು ತುದಿ ಮೇಲೆದ್ದಿದ್ದರೆ ಚೂಪು ಚಿಮುಟದಿಂದ ಮೊದಲ ಕೆಲವು ಸೆಕೆಂಡಿನಲ್ಲಿ ನೇರ ಮೇಲಕ್ಕೆ ಎತ್ತಬಹುದು. ಬಣ್ಣ ತಾನೇ ಸಮನಾಗುತ್ತದೆ. ಮಲಗಿದ ಎಳೆ, ಕಣವನ್ನು ಮುಟ್ಟಬೇಡಿ. ಲ್ಯಾಕರ್ ಒಂದು ದಿನ, ಅಕ್ರಿಲಿಕ್ ಎರಡು ದಿನ, ಇನಾಮಲ್ ಒಂದು ವಾರ ಒಣಗಲಿ. 2000 ನಂಬರ್ ವಾಟರ್ ಪೇಪರನ್ನು ಸಣ್ಣ ರಬ್ಬರ್ ತುಂಡಿಗೆ ಸುತ್ತಿ, ಸೋಪು ನೀರಲ್ಲಿ ಅದ್ದಿ, ಕಣದ ತಲೆ ಮೇಲೆ ಮಾತ್ರ ಹತ್ತು ಹನ್ನೆರಡು ಸಲ ಆಡಿಸಿ, ಆಮೇಲೆ 3000. ಅಂಚು, ಎತ್ತರದ ಗೆರೆಗಳ ಮೇಲೆ ಬೆರಳು ಹೋಗದಿರಲಿ, ಅಲ್ಲಿ ಬಣ್ಣ ತೆಳು, ಬೇಗ ಸವೆಯುತ್ತದೆ. ತೊಳೆದು, ತಾನಾಗಿ ಒಣಗಿಸಿ, ಮತ್ತೊಂದು ಕೋಟು. ಮೆಟಾಲಿಕ್ ಬಣ್ಣವನ್ನು ಉಜ್ಜಿದರೆ ಅದರ ಹೊಳೆಯುವ ಚೂರುಗಳ ಸಾಲು ಕೆಟ್ಟು ಕಲೆ ಉಳಿಯುತ್ತದೆ. ಅದರ ಮೇಲೆ ಕ್ಲಿಯರ್ (ಬಣ್ಣವಿಲ್ಲದ ಪಾರದರ್ಶಕ ಲೇಪ) ಎರಡು ಕೋಟು ಹೊಡೆದು, ಉಜ್ಜುವುದನ್ನು ಕ್ಲಿಯರ್‌ನಲ್ಲೇ ಮುಗಿಸಿ.

ವಿಮಾನದ ಕ್ಯಾನೊಪಿ, ಅಂದರೆ ಕಾಕ್‌ಪಿಟ್ ಮೇಲಿನ ಪಾರದರ್ಶಕ ಮುಚ್ಚಳ, ಒಂದು ವಿಶೇಷ ಪ್ರಕರಣ. ಅಂಟಿಸಿದ ಮೇಲೆ ಒಳಗಿನ ಧೂಳಿಗೆ ದಾರಿಯೇ ಇಲ್ಲ. ಅಂಟಿಸುವ ಮುಂಚೆ ಕಾಕ್‌ಪಿಟ್‌ನೊಳಗೆ ಊದಿ, ಕ್ಯಾನೊಪಿಯ ಒಳಮೈಯನ್ನು ತೊಳೆದು ಒಣಗಿಸಿ, ಎರಡಕ್ಕೂ ಗನ್ ಹಿಡಿದು ತಕ್ಷಣ ಬಿಳಿ ಅಂಟಿನಲ್ಲಿ ಕೂರಿಸಿ. ಸೂಪರ್ ಗ್ಲೂ ಹಾಕಿದರೆ ಅದರ ಆವಿಯಿಂದ ಪ್ಲಾಸ್ಟಿಕ್ ಮಬ್ಬಾಗುತ್ತದೆ. ಕೊನೆಗೆ ಮಾಸ್ಕಿಂಗ್ ತೆಗೆದ ಮೇಲೆ ಹೊರಮೈಯನ್ನು ಒಣಬಟ್ಟೆಯಲ್ಲಿ ಪಾಲಿಷ್ ಮಾಡುವ ಆಸೆ ಬರುತ್ತದೆ. ಹೊರಗೆ ಏರಿದ ಸ್ಟ್ಯಾಟಿಕ್ ಅಷ್ಟು ತೆಳುವಾದ ಪ್ಲಾಸ್ಟಿಕ್ಕಿನ ಮೂಲಕವೂ ಸೆಳೆಯುತ್ತದೆ: ಸೀಟಿನ ಸಂದಿಯಲ್ಲಿದ್ದ ಪುಡಿ ಮೇಲೆದ್ದು ಒಳಮೈಗೆ ಅಂಟುತ್ತದೆ. ಆಗಲೂ ಉಜ್ಜುತ್ತ ಹೋದರೆ ಇನ್ನಷ್ಟು ಬರುತ್ತದೆ. ತೇವದ ಬಟ್ಟೆಯನ್ನು ಹೊರಮೈ ಮೇಲೆ ಒಮ್ಮೆ ಸವರಿ, ಮಾಡೆಲ್ ನೆಟ್ಟಗೆ ಹಿಡಿದು ಬೆರಳಿನಿಂದ ಮೆಲ್ಲಗೆ ತಟ್ಟಿದರೆ ಪುಡಿಯ ಹೆಚ್ಚಿನ ಪಾಲು ಕೆಳಗೆ ಬೀಳುತ್ತದೆ.